ಐವತ್ತೊಂದು ವರ್ಷದ ಬಾಲನಟ

ನಾನು ಖ್ಯಾತ ಬಾಲನಟ. ಈಗ ನನಗೆ ಐವತ್ತೊಂದು ವರ್ಷ, ಕಮಲಾಪುರದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದೇನೆ ಎಂಬುದು ಬೇರೆ ಮಾತು. ಏಳನೇ ವಯಸ್ಸಿನಲ್ಲಿ, ಹಂಪಿಯಲ್ಲಿ ತೆಗೆದ ಸಿನಿಮಾವೊಂದರಲ್ಲಿ ನಾನು ಮೆಟ್ಟಿಲಿಳಿದು ಓಡಿ, ಬಿದ್ದು, ಹೋ ಎಂದು ಅತ್ತಿದ್ದೆ. ನೋಡಿದವರೆಲ್ಲ ಅತ್ತರಂತೆ. ಆಮೇಲೆ ಯಾರೂ ನನ್ನನ್ನು ಕರೆಯಲಿಲ್ಲ. ಚಿತ್ರರಂಗಕ್ಕೇ ನಷ್ಟ!

ಕಳೆದ ತಿಂಗಳು, ಅಂಗಡಿ ಬೋರ್ಡಿನ ಮೇಲೆ ನಾನು ಬರೆಸಿದ ‘ಖ್ಯಾತ ಬಾಲನಟ’ ಎಂಬುದನ್ನು ಓದಿ, ಕಡ್ಡಿರಾಂಪುರದ ಆಚೆಯ ಶಾಲೆಯೊಂದರ ಹೆಡ್‌ಮಾಸ್ತರರು ಫೋನ್ ಮಾಡಿದರು. ವಾರ್ಷಿಕೋತ್ಸವಕ್ಕೆ ಬಾಲನಟರೇ ಮುಖ್ಯ ಅತಿಥಿ, ಫ್ಲೆಕ್ಸಿಗೆ ಒಂದು ಫೋಟೊ ಕಳಿಸಿ ಎಂದರು. ಕೊನೆಗೂ ಕಲೆಗೆ ಬೆಲೆ ಬಂತು!

"ಈಗಿನ ಫೋಟೊ ಕಳಸ್ರಿ," ಎಂದಳು ಹೆಂಡತಿ ಗಿರಿಜಾ.

"ಬೋಳು ತಲಿ ನೋಡಿ ಯಾರ್ ಗುರ್ತು ಹಿಡೀತಾರ? ಸುಮ್ನಿರು."

ಸಿನಿಮಾದ ಫೋಟೊವನ್ನೇ ಕಳಿಸಿದೆ.

ಆ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೋದೆ. ಗೇಟಿನ ಮೇಲೆ ಆಳೆತ್ತರದ ಫ್ಲೆಕ್ಸ್, ಅದರಲ್ಲಿ ಏಳು ವರ್ಷದ ನಾನು. ಅಲ್ಲಿ ನಿಂತಿದ್ದ ಮೇಷ್ಟ್ರೊಬ್ಬರು ತಡೆದರು.

"ಪಾಲಕರು ಹಿಂದ್ಗಡೆ ಕುಂದ್ರಿ."

"ನಾನು ಮುಖ್ಯ ಅತಿಥಿ ರೀ!"

"ಹೌದೇನ್ರಿ? ಹುಡುಗ ಎಲ್ಲಿ? ಜಲ್ದಿ ಕರ್ಕೊಂಡ್ ಬರ್ರಿ!"

ಹೆಡ್‌ಮಾಸ್ತರರು ಓಡಿ ಬಂದರು. ಫೋನಿನಲ್ಲಿ ಮಾತಾಡಿದ್ದು ಹುಡುಗನ ಅಪ್ಪ ಎಂದು ಅವರೂ ತಿಳಿದಿದ್ದರಂತೆ! ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷ ಕಾದ ಕಲಾವಿದನಿಗೆ ಇದೇನಾ ಮರ್ಯಾದೆ? ಕೊನೆಗೆ ವೇದಿಕೆಗೆ ಕರೆದು ಸನ್ಮಾನದ ಪೇಟ ತೊಡಿಸಿದರು. ಮಗುವಿನ ಅಳತೆಯದು! ಎರಡು ನಿಮಿಷ ನೆತ್ತಿಯ ಮೇಲೆ ಕುಳಿತು, ಜಾರಿ ಹಣ್ಣಿನ ಬುಟ್ಟಿಗೆ ಬಿತ್ತು. "ಇವ್ರಲ್ಲ, ಇವ್ರಲ್ಲ!" ಎಂದು ಮಕ್ಕಳು ಕೂಗಿದರು.

ತೋರಿಸಿಯೇ ಬಿಡೋಣವೆಂದು ಮೈಕ್ ಕಸಿದುಕೊಂಡೆ. ಅದೇ ದೃಶ್ಯವನ್ನು ಅಭಿನಯಿಸುತ್ತೇನೆಂದು ಘೋಷಿಸಿ, ಓಡಿ, ದಬಕ್ಕನೆ ಬಿದ್ದು, ಬಾಯಿ ತೆರೆದೆ. ಮೊಣಕಾಲು ತರಚಿತು. ಅಳು ಮಾತ್ರ ಬರಲಿಲ್ಲ. ಕಣ್ಣುಜ್ಜಿದೆ. ಆದರೂ ಬರಲಿಲ್ಲ! ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮನೆಗೆ ಬಂದು ಕೂಗಾಡಿದೆ: "ಅಭಿನಯ ಅಂದ್ರ ಏನು ಅಂತ ಇವ್ರಿಗೇನ್ ಗೊತ್ತು? ಅವತ್ತು ನಾ ಅತ್ತಿದ್ದು ನೋಡಬೇಕಿತ್ತು!"

ಮೊಣಕಾಲಿಗೆ ಅರಿಶಿನ ಹಚ್ಚುತ್ತಿದ್ದ ಗಿರಿಜಾ ತಲೆ ಎತ್ತಲಿಲ್ಲ. "ನಿಮ್ಮವ್ವ ನಂಗ ಎಂದೋ ಹೇಳ್ಯಾರ್ರಿ. ಅವತ್ತು ನೀವು ಕಾಲ್ ಜಾರಿ ಖರೇನ ಬಿದ್ದು, ಖರೇನ ಅತ್ತಿದ್ರಂತ. ಸಿನಿಮಾದವ್ರು ಕ್ಯಾಮೆರಾ ನಿಲ್ಲಿಸಲಿಲ್ಲ, ಅಷ್ಟ."

ಅಂದರೆ ಇಡೀ ಜೀವನದಲ್ಲಿ ನಾನು ಅಭಿನಯಿಸಿದ್ದು ಒಮ್ಮೆಯೇ, ಅದೂ ಆ ಶಾಲೆಯ ವೇದಿಕೆಯ ಮೇಲೆ. ಅರಿಶಿನಕ್ಕೆ ಗಾಯ ಚುರುಗುಟ್ಟಿತು. ಈಗ ನೋಡಿ, ಅಳು ತಾನಾಗಿಯೇ ಬಂತು!