ಕರಿ ತಾಯಿಯ ಕೆಂಪು ಮರಿ ಮಾಡಿದ ತಪ್ಪು

ಕುದುರೆ ತಳಿ ನೋಂದಣಿ ಕಚೇರಿಯ ಘನ ಅಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ಕುದುರೆಯನ್ನು ನೋಡಿದೊಡನೆ ಅದರ ವಂಶವನ್ನಷ್ಟೇ ಅಲ್ಲ, ಅದನ್ನು ಸಾಕಿದವರ ಶೀಲವನ್ನೂ ಹೇಳಬಲ್ಲ ತಮ್ಮ ದಿವ್ಯದೃಷ್ಟಿಗೆ ಸವಾರಿ ಶಾಲೆಯ ಶಿಕ್ಷಕಿಯಾದ ನಾನು ತಲೆಬಾಗಿ ವಂದಿಸಿ, ನಮ್ಮ ಲಾಯದ ಕೆಂಪು ಮರಿಯ ಪರವಾಗಿ ಕ್ಷಮೆ ಯಾಚಿಸುತ್ತಿದ್ದೇನೆ. ತಂದೆ ತಾಯಿ ಇಬ್ಬರೂ ಕಪ್ಪಗಿರುವಾಗ, ತಮ್ಮನ್ನು ಒಂದು ಮಾತೂ ಕೇಳದೆ ಕೆಂಪಗೆ ಹುಟ್ಟಿದ್ದು ಅದರ ಉದ್ಧಟತನವೇ ಸರಿ.

ತಾವು ಪರಿಶೀಲನೆಗೆ ಬಂದ ದಿನ ಮೂಗಿಗೆ ಕರವಸ್ತ್ರ ಹಿಡಿದು, ಲಾಯದೊಳಗೆ ಕಾಲಿಡುವ ಶ್ರಮವನ್ನೂ ತೆಗೆದುಕೊಳ್ಳದೆ, ಹೊರಗಿನಿಂದಲೇ ಮರಿಯ ಹಣೆಬರಹ ಓದಿಬಿಟ್ಟಿರಿ. "ಕರಿ ಕುದುರೆಗಳಿಗೆ ಕೆಂಪು ಮರಿ ಹುಟ್ಟುತ್ತೇನ್ರೀ? ಕಾವಲಿಗಿದ್ದವನು ಬೇಕಂತಲೇ ಬೇರೆ ಗಂಡು ಕುದುರೆಗೆ ಬಾಗಿಲು ತೆಗೆದಿಟ್ಟಿದ್ದಾನೆ" ಎಂದು ಸವಾರಿ ಕಲಿಯಲು ಬಂದವರೆಲ್ಲರ ಎದುರಿಗೆ ತೀರ್ಪನ್ನೂ ಕೊಟ್ಟಿರಿ. ಆ ಕಾವಲಿನವರು ನನ್ನ ಭಾವ. ಗಬ್ಬದ ಕುದುರೆಯ ಪಕ್ಕ ಒಣಹುಲ್ಲಿನ ಮೇಲೆ ಮಲಗಿ, "ಅದನ್ನೇ ಕಟ್ಕೋಬೇಕಿತ್ತು ನೀವು" ಎಂದು ನನ್ನ ಅಕ್ಕನಿಂದ ಬೈಸಿಕೊಂಡವರು. ಶಾಲೆಯವರು ಅಂದೇ ಅವರಿಂದ ಬೀಗದಕೈ ಕಿತ್ತುಕೊಂಡರು.

ಕೆಲಸ ಹೋದ ಭಾವ ಅಡುಗೆಮನೆಯ ಮೂಲೆಯಲ್ಲಿ ಕೂತು, "ಮರಿ ಹಾಲು ಕುಡೀತಿದೆಯೇನಮ್ಮಾ?" ಎಂದಷ್ಟೇ ನನ್ನನ್ನು ಕೇಳುತ್ತಿದ್ದರು. "ನಿಮ್ಮನ್ನ ಕಳ್ಳ ಅಂದವರ ಮರಿ ಕುಡಿದ್ರೆಷ್ಟು, ಬಿಟ್ರೆಷ್ಟು!" ಎಂದು ಪಾತ್ರೆ ಕುಕ್ಕುತ್ತಿದ್ದ ಅಕ್ಕ, ಆಮೇಲೆ ಗುಟ್ಟಾಗಿ ನನ್ನನ್ನು ಅದನ್ನೇ ಕೇಳುತ್ತಿದ್ದಳು.

ತಾವು ಓದಿ ಮರೆತ, ಅಥವಾ ಮರೆಯುವ ಸಲುವಾಗಿಯೂ ಓದಿರದ ಪಾಠವನ್ನು ಕಡೆಗೆ ಪಶುವೈದ್ಯೆ ನಮಗೆ ಬಿಡಿಸಿ ಹೇಳಿದರು. ಮೈಬಣ್ಣದ ಜೀನು, ಅಂದರೆ ಬೆನ್ನಿಗೆ ಬಿಗಿಯುವ ಜೀನಲ್ಲ, ವಂಶವಾಹಿ, ಪ್ರತಿ ಕುದುರೆಯಲ್ಲೂ ಜೋಡಿಯಾಗಿರುತ್ತದೆಯಂತೆ; ಒಂದು ತಾಯಿ ಕೊಟ್ಟದ್ದು, ಒಂದು ತಂದೆ ಕೊಟ್ಟದ್ದು. ಆ ಜೀನಿನ ಬೇರೆ ಬೇರೆ ರೂಪಗಳಿಗೆ ಅಲೀಲ್ ಎಂದು ಹೆಸರು. ಕಪ್ಪಿನದು ಪ್ರಬಲ, ಕೆಂಪಿನದು ಅಪ್ರಬಲ. ಎರಡೂ ಒಂದೇ ಮೈಯಲ್ಲಿ ಸೇರಿದರೆ ಕಪ್ಪು ತಮ್ಮ ಹಾಗೆ ಎದೆಯುಬ್ಬಿಸಿ ಮುಂದೆ ನಿಲ್ಲುತ್ತದೆ, ಕೆಂಪು ನನ್ನ ಭಾವನ ಹಾಗೆ ಬಾಯಿ ಮುಚ್ಚಿಕೊಂಡು ಹಿಂದೆ ಉಳಿಯುತ್ತದೆ. ಕಣ್ಣಿಗೆ ಕಾಣುವುದು ಫೀನೋಟೈಪ್, ಒಳಗೆ ಇರುವುದು ಜೀನೋಟೈಪ್. ಕೆಂಪನ್ನು ಒಳಗಿಟ್ಟುಕೊಂಡ ಎರಡು ಕರಿ ಕುದುರೆಗಳು ಕೂಡಿ, ಎರಡೂ ಆ ಕೆಂಪನ್ನೇ ದಾಟಿಸಿದರೆ ಮರಿ ಕೆಂಪಗೇ ಹುಟ್ಟುತ್ತದೆ. ಇದಕ್ಕೆ ತಮ್ಮ ಅಪ್ಪಣೆ ಪಡೆಯಬೇಕೆಂಬುದು ಪಾಪ, ಜೀನುಗಳಿಗೆ ತಿಳಿದಿರಲಿಲ್ಲ. ಅವಕ್ಕೂ ಒಂದು ನೋಟಿಸು ಜಾರಿ ಮಾಡಬೇಕಾಗಿ ಪ್ರಾರ್ಥನೆ.

ಮರಿಯಿಂದಲೂ ತಂದೆ ತಾಯಿಯಿಂದಲೂ ಬುಡಸಮೇತ ಕಿತ್ತ ಕೂದಲು ಪರೀಕ್ಷೆಗೆ ಹೋಯಿತು. ಮರಿ ಆ ತಂದೆ ತಾಯಿಯದೇ ಎಂದು ಸಾಬೀತಾಯಿತು. ತಾವು ತಪ್ಪೊಪ್ಪಿಕೊಳ್ಳುವಂಥ ಸಣ್ಣ ಕೆಲಸಕ್ಕೆ ಇಳಿಯದೆ, ಮರಿಯನ್ನು ನೋಂದಾಯಿಸಿ, "ಪೋಷಕರ ಬಣ್ಣದ ಆಧಾರದ ಮೇಲೆ" ಅದರ ಬಣ್ಣ ಕಪ್ಪು ಎಂದು ಬರೆದಿರಿ. ಧನ್ಯರಾದೆವು. ತಾವೇ ಬಂದು ಮೊಹರಿನ ಶಾಯಿಯಲ್ಲಿ ಅದರ ಮೈಯನ್ನೂ ಬಳಿದುಕೊಟ್ಟರೆ ಕಡತಕ್ಕೂ ಕುದುರೆಗೂ ಜಗಳವಿರುವುದಿಲ್ಲ.

ಭಾವನಿಗೆ ಕೆಲಸ ಮರಳಿ ಸಿಕ್ಕಿದೆ. ಮೊದಲ ದಿನ ಮರಿ ಅವರ ಅಂಗಿಯ ತುದಿಯನ್ನು ಬಾಯಲ್ಲಿ ಕಚ್ಚಿ ಎಳೆಯಿತು. ಅವರು ಮಾತ್ರ ಅದನ್ನು ಮುಟ್ಟುವ ಮೊದಲು ಸುತ್ತ ನೋಡಿ, "ಇನ್ಮೇಲೆ ಕಾವಲಿಗೆ ನನ್ನ ಜೊತೆ ಇನ್ನೊಬ್ಬರನ್ನೂ ಹಾಕಿ, ಸಾಕ್ಷಿಗಿರ್ಲಿ" ಎಂದರು. ಸರ್ವಶಕ್ತರಾದ ತಾವು ಆ ಒಂದು ಮಾತನ್ನು ಅವರ ಬಾಯಿಂದ ಅಳಿಸಿಕೊಟ್ಟರೆ ನಾನು ಬೇರೇನನ್ನೂ ಬೇಡುವುದಿಲ್ಲ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಕಾವಲಿನವರ ನಾದಿನಿ

ವಿ.ಸೂ.: ಎರಡು ಕೆಂಪು ಕುದುರೆಗಳೊಳಗೆ ಕಪ್ಪು ಅಡಗಿರಲು ಜಾಗವೇ ಇಲ್ಲವಾದ್ದರಿಂದ ಅವಕ್ಕೆ ಕರಿ ಮರಿ ಹುಟ್ಟದು ಎಂದೂ ಪಶುವೈದ್ಯೆ ಹೇಳಿದ್ದಾರೆ. ತಮ್ಮ ಸ್ವಂತ ಲಾಯದಲ್ಲಿ ಕೆಂಪು ಜೋಡಿಯ ಹೆಸರಿನಲ್ಲಿ ತಾವೇ ಸಹಿ ಹಾಕಿ ನೋಂದಾಯಿಸಿಕೊಂಡ ಕಾಡಿಗೆ ಬಣ್ಣದ ಮರಿಯನ್ನು ನೋಡಿಬಂದೆವು. ಬಹಳ ಮುದ್ದಾಗಿದೆ. ಅದರ ತಂದೆ ಯಾರೆಂದು ತಿಳಿದಾಗ ನಮ್ಮ ನಮಸ್ಕಾರ ಹೇಳಿ.