ತಲಾಠಿಯ ಪುಸ್ತಕಕ್ಕಿಂತ ಮೊದಲು

ಊರಿನ ಇತಿಹಾಸ ಬರೆಯುತ್ತೇನೆಂದು ಹೊರಟ ದಿನದಿಂದ ನನಗೆ ಏನಾದರೊಂದು ಫಜೀತಿ ಆಗುತ್ತಲೇ ಇದೆ. ಗುಡಗೇರಿ ಹತ್ತಿರದ ನಮ್ಮೂರಿನಲ್ಲಿ ನಾನು ನಿವೃತ್ತ ಮಾಸ್ತರ. ನನ್ನಂತೆಯೇ ನಿವೃತ್ತರಾದ, ಊರಿನ ಜಮೀನಿನ ಲೆಕ್ಕ ಬರೆಯುತ್ತಿದ್ದ ತಲಾಠಿ ಸಾಹೇಬರೂ ಅದೇ ಇತಿಹಾಸ ಬರೆಯುತ್ತಿದ್ದಾರೆ. ಮೊದಲು ಮುಗಿಸಿದವರ ಪುಸ್ತಕವನ್ನಷ್ಟೇ ಪಂಚಾಯ್ತಿಯವರು ಅಚ್ಚು ಹಾಕಿಸುತ್ತಾರಂತೆ. ತಲಾಠಿ ಸಾಹೇಬರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮುಚ್ಚಿಡುವುದೇನು ಬಂತು!

ಟ್ರಂಕು

ಹಳೆಯ ಹೊಲದ ಕಾಗದ ನೋಡಲು ಗೌಡರ ಮನೆಗೆ ಹೋದೆ. ಅವರು ಬಾಗಿಲಲ್ಲೇ ತಡೆದು, “ಯಾಕ್ರಿ ಮಾಸ್ತರ, ಪಾಲು ಕೇಳಾಕ ನಮ್ಮ ತಂಗಿ ಕಳಿಸ್ಯಾಳೇನ್ರಿ?” ಎಂದರು. “ಇಲ್ರಿ, ಇತಿಹಾಸಕ್ಕ” ಎಂದರೂ ನಂಬಲಿಲ್ಲ. ಸಂಜೆ ಅದೇ ದಾರಿಯಲ್ಲಿ ಹೋಗುತ್ತ ನೋಡಿದರೆ, ಅವರ ಪಡಸಾಲೆಯಲ್ಲಿ ಕಾಗದದ ಟ್ರಂಕು ತೆರೆದಿತ್ತು. ತಲಾಠಿ ಸಾಹೇಬರು ಗಿರ್ಮಿಟ್ ತಿನ್ನುತ್ತ ಕಾಗದ ಓದುತ್ತಿದ್ದರು. ನನಗೆ ನೀರೂ ಕೇಳಿರಲಿಲ್ಲ! ಉರಿದುಕೊಂಡು ಮನೆಗೆ ಬಂದರೆ, ಸುದ್ದಿ ಹೇಗೆ ಮುಟ್ಟಿತೋ, ಸಂಶಿಯಿಂದ ಆ ತಂಗಿಯ ಫೋನು: “ನಮ್ಮಣ್ಣ ಏನಂದ್ರಿ ಸರ್? ಪಾಲು ಕೊಡ್ತಾನಂತೇನ್ರಿ?”

ಎಲೆ-ಅಡಿಕೆ

ಕೆರೆಯ ಪಕ್ಕದ ಹೊಲ ಮೊದಲು ಯಾರದೆಂದು ಊರಿನ ಹಿರಿಯಜ್ಜನನ್ನು ಕೇಳಿದೆ. “ನೆನಪಿಲ್ಲೋ ತಮ್ಮಾ” ಎಂದ. ತಲಾಠಿಗೆ ಮಾತ್ರ ನಾಲ್ಕಾರು ತಲೆಮಾರಿನ ಕತೆ ಹೇಳಿದ್ದನಂತೆ. ಅಜ್ಜನ ಹತ್ತಿರ ಹೋಗಿ ಜಗಳ ತೆಗೆದೆ.

“ಅವ್ರು ಎಲಿ-ಅಡಕಿ ತಂದಿದ್ರಪಾ. ಬಾಯಾಗ ಹಾಕ್ಕೊಂಡ್ರ ಎಲ್ಲಾ ನೆನಪಾಗತೈತಿ.”

ಮರುದಿನ ಅವರಿಗಿಂತ ದೊಡ್ಡ ಪೊಟ್ಟಣ ಒಯ್ದೆ. ಅಜ್ಜ ಅಗಿದಂತೆಲ್ಲ ನನ್ನ ಪುಸ್ತಕದಲ್ಲಿ ಆ ಹೊಲಕ್ಕೆ ಒಬ್ಬ ದೇಸಾಯಿ ಬಂದ, ಅವನ ಹಿಂದೆ ಒಂದು ಆನೆಯೂ ಬಂತು.

ಕಲ್ಲು

ಕೊನೆಗೆ ಬೇವಿನ ಗಿಡದ ಕೆಳಗೆ ನನಗೊಂದು ಶಾಸನದ ಕಲ್ಲು ಸಿಕ್ಕಿತು. ಯಾರೋ ಹೊಲ ದಾನ ಕೊಟ್ಟದ್ದಿರಬೇಕು. ತಲಾಠಿಗೆ ಇನ್ನೂ ಗೊತ್ತಿಲ್ಲ! ಸವೆದ ಅಕ್ಷರ ಕಾಣಲೆಂದು ತೊಳೆದು ಹಿಟ್ಟು ಸವರಿದೆ. ಅಷ್ಟರಲ್ಲಿ ಕತ್ತಲಾಯಿತು, ಫೋಟೋ ನಾಳೆ ತೆಗೆದರಾಯಿತೆಂದು ಬಂದೆ.

ಬೆಳಿಗ್ಗೆ ಹೋದರೆ ಹೆಂಗಸರೆಲ್ಲ ಅಲ್ಲೇ. ಹಿಟ್ಟಿನ ಮೇಲೆ ಅರಿಷಿಣ, ಕುಂಕುಮ, ಎಣ್ಣೆ. ಒಂದಕ್ಷರವೂ ಕಾಣದು. ಒರೆಸಲು ಕೈ ಹಾಕಿದೆ.

“ಮುಟ್ಟಬ್ಯಾಡ್ರಿ! ರಾತ್ರಿ ಯಾರೋ ಹಿಟ್ಟು ಹಚ್ಚಿ ಪೂಜಿ ಮಾಡಿ ಹೋಗ್ಯಾರ. ಅಗದಿ ಜಾಗೃತ ದೇವ್ರು” ಎಂದು ನನ್ನ ಹೆಂಡತಿಯೇ ಗದರಿದಳು.

ಸೋಮವಾರ ಕಾಯಿ ಹಿಡಿದು, ಭಕ್ತನ ನೆಪದಲ್ಲಾದರೂ ಓದೋಣವೆಂದು ಹೋದೆ. ಅಲ್ಲಿ ತಲಾಠಿ ಸಾಹೇಬರು ಕಣ್ಣು ಮುಚ್ಚಿ ಕೈ ಮುಗಿದಿದ್ದರು: “ಆ ಮಾಸ್ತರನ ಪುಸ್ತಕ ಮುಗೀಬಾರ್ದಪಾ, ನನ್ನ ತಂದಿ!”

ಹಿಟ್ಟು ಸವರಿದವನು ನಾನೇ ಎಂಬುದನ್ನೂ ಮರೆತು, ಅವರ ಪಕ್ಕದಲ್ಲಿ ಕೂತು ಅವರ ಪುಸ್ತಕಕ್ಕೂ ಅದನ್ನೇ ಬೇಡಿಕೊಂಡೆ.

ದೇವರು ನಿಜಕ್ಕೂ ಜಾಗೃತ. ಎರಡೂ ಪುಸ್ತಕ ಇನ್ನೂ ಮುಗಿದಿಲ್ಲ.