ಅಪ್ಪನ ನೀಲಿ ಅಂಗಿ, ತಂಗಿಯ ಇಲಿಗಳು

ನನ್ನ ತಂಗಿಗೆ ಮನುಷ್ಯರಿಗಿಂತ ಇಲಿಗಳೇ ಹತ್ತಿರದ ಬಳಗ! ಸುಳ್ಳಲ್ಲ. ವಾಡಿ ಸ್ಟೇಷನ್ ಎದುರಿನ ನನ್ನ ಚಹಾದಂಗಡಿಯಿಂದ ಫೋನ್ ಮಾಡಿದರೆ ಮೊದಲು ಇಲಿಗಳ ಕ್ಷೇಮಸಮಾಚಾರ, ಆಮೇಲೆ ನನ್ನ ಕೆಮ್ಮು. ಒಮ್ಮೆ ಅವಳು ಹಬ್ಬಕ್ಕೆ ಬಂದಾಗ ನನ್ನ ಹೆಂಡತಿ ಕಸಬರಿಗೆ ಹಿಡಿದು ಅಡುಗೆಮನೆಯ ಇಲಿಯ ಬೆನ್ನುಹತ್ತಿದ್ದಳು. ಇವಳು ಅಡ್ಡ ನಿಂತಳು!

"ತಡೀರಿ ವೈನಿ, ಭಾಳ ಸೊರಗ್ಯಾದ. ಮೊದಲ ತೂಕ ನೋಡೂಣು."

"ತೂಕ ನೋಡ್ಲಿಕ್ಕೆ ಅದೇನು ಹಸುಗೂಸೇನು?" ಎಂದು ಹೆಂಡತಿ ತಕ್ಕಡಿಯನ್ನೇ ಬಚ್ಚಿಟ್ಟಳು.

ಕ್ಯಾನ್ಸರ್ ಮೈಯೆಲ್ಲ ಹರಡದಂತೆ ನಮ್ಮ ರಕ್ತದ ಕಾವಲುಗಾರರನ್ನೇ ಎಬ್ಬಿಸುವ ಔಷಧವನ್ನು ಇಲಿಗಳ ಮೇಲೆ ಪ್ರಯೋಗಿಸಿ ಹುಡುಕುವುದು ತಂಗಿಯ ಕೆಲಸ. ಅರ್ಧಕ್ಕೆ ಶಾಲೆ ಬಿಟ್ಟ ನನಗೆ ಅದೆಲ್ಲಿ ತಿಳಿಯಬೇಕು? ಇಲಿ ಸಾಕುತ್ತಾಳೆ ಎಂದರೆ ಜನ ನಕ್ಕಾರೆಂದು ನಾಚಿ, "ಬ್ಯಾಂಕಿನಾಗ ದೊಡ್ಡ ಆಫೀಸರ್ ಆಗ್ಯಾಳ್ರಿ" ಎಂದು ಊರೆಲ್ಲ ಸಾರಿಬಿಟ್ಟಿದ್ದೆ. ಫಲ? ಆ ಹಬ್ಬದಲ್ಲೇ ಒಬ್ಬ ಗಿರಾಕಿ ಮನೆಗೆ ಬಂದ.

"ಅಕ್ಕೋರೆ, ಎಮ್ಮಿ ಸಾಲಕ್ಕ ಒಂದು ಮಾತು ಹೇಳ್ರಿ."

"ಎಮ್ಮಿ ನನಗ ತಿಳೀದಿಲ್ರಿ. ಇಲಿ ಇದ್ರ ತರ್ರಿ!"

ಅವನು ಹೋದ ಮೇಲೆ ನನ್ನ ಮುಖ ನೋಡಿದಳು. ಅವನ ಚಹಾ ಲೋಟ ಎತ್ತಿಕೊಂಡು ಒಳಗೆ ಹೋದಳು. ಬೈದಿದ್ದರೆ ಹಗುರಾಗುತ್ತಿದ್ದೆ.

ಈ ವರ್ಷ ಅವಳ ಔಷಧ ಗೆದ್ದಿತು! ಇಲಿಗಳನ್ನು ದಾಟಿ ರೋಗಿಗಳನ್ನು ಮುಟ್ಟಿತು. ಸೇಡಂನಲ್ಲಿ ಸನ್ಮಾನ. ಅವಳಿಗೆ ಮುಖ ತೋರಿಸಲಾಗದೆ ನಾನು ಕೊನೆಯ ಸಾಲಿನ ಕಂಬದ ಹಿಂದೆ ಕೂತೆ.

"ನಮ್ಮಣ್ಣ ಸಾಲಿ ತಪ್ಪಿಸಿ, ಅಪ್ಪನ ರೈಲ್ವೆ ನೀಲಿ ಅಂಗಿ ಹಾಕ್ಕೊಂಡು, ಟಿಕೆಟ್ ಇಲ್ದ ಶಹಾಬಾದ, ಚಿತ್ತಾಪುರ ತಿರುಗ್ತಿದ್ದ," ಎಂದು ಮೈಕಿನಲ್ಲಿ ಶುರುಮಾಡಿದಳು! "ಟಿ.ಸಿ. 'ನಮ್ಮ ಮಂದಿನೇ' ಅಂತ ಬಿಡ್ತಿದ್ದ. ಕ್ಯಾನ್ಸರ್ ಕಣನೂ ಹಿಂಗೇ ನಮ್ಮದೇ ಅಂಗಿ ಹಾಕ್ಕೊಂಡು ಮೈಯೆಲ್ಲ ತಿರುಗ್ತದ್ರಿ. ನನ್ನ ಔಷಧ ಆ ಅಂಗಿ ಬಿಚ್ಚತದ, ರಕ್ತದ ಕಾವಲುಗಾರ್ರು ಹಿಡೀತಾರ, ಅಷ್ಟೇ. ಅಣ್ಣನ್ನ ನೋಡೇ ನನಗಿದು ಹೊಳೀತು."

ಎಷ್ಟು ಜನರ ಅಣ್ಣಂದಿರಿಗೆ ಕ್ಯಾನ್ಸರ್ ಕಣವಾಗುವ ಭಾಗ್ಯ ಸಿಕ್ಕೀತು ಹೇಳಿ?

"ಚಿಂಚೋಳಿಗೂ ಹೋಗಿದ್ನೇನ್ರಿ?" ಯಾರೋ ಕೂಗಿದರು.

ನಾನು ಎದ್ದೇ ನಿಂತೆ. "ಅಲ್ಲಿಗೆ ರೈಲಿಲ್ರಿ, ಇದ್ದಿದ್ರ ಬಿಡ್ತಿದ್ನಾ?" ಸಭೆ ಬಿದ್ದುಬಿದ್ದು ನಕ್ಕಿತು. ಕೂರಲಾಗಲಿಲ್ಲ. "ಇನ್ನೊಂದು ಕೇಳ್ರಿ! ಆಕಿ ಬ್ಯಾಂಕಿನಾಕಿ ಅಲ್ಲ. ನಾಚಿಕಿಗಿ ನಾನೇ ಸುಳ್ಳ ಹೇಳಿದ್ದೆ. ಇಲಿ ಸಾಕ್ತಾಳ, ನನ್ನ ತಂಗಿ!"

ಚಪ್ಪಾಳೆಗೆ ತಗಡಿನ ಮಾಡು ಅದುರಿತು.

ವಾಡಿಗೆ ಮರಳುವ ರೈಲಿನಲ್ಲಿ ಟಿ.ಸಿ. ಬಂದ. ನಾನು ಎದೆಯುಬ್ಬಿಸಿ ಎರಡು ಟಿಕೆಟ್ ಚಾಚಿದೆ. ತಂಗಿ ಕಣ್ಣೊರೆಸಿಕೊಳ್ಳುತ್ತ ನಕ್ಕಳು.

"ಕೊನೀಗೂ ಅಂಗಿ ಬಿಚ್ಚಿದಿ ನೋಡಣ್ಣಾ," ಎಂದು ನನ್ನ ಭುಜಕ್ಕೆ ತಲೆಯಿಟ್ಟಳು. ವಾಡಿ ಬರುವವರೆಗೂ ನಾನು ಕೆಮ್ಮಲಿಲ್ಲ.